ಇಲ್ಲದ ಆಯಿಯನ್ನು ಚಿತ್ರಿಸಿದ ಬಗೆ

ನಾನು ಬರೆದು ಚಿತ್ರಿಸಿದ ಚಿತ್ರಕಾದಂಬರಿಯ ಕಥೆಯನ್ನು ನಾಲ್ಕು ಮಾತಿನಲ್ಲಿ ಹೇಳಿ ಮುಗಿಸಬಹುದು. ಭೀಮಾ ದಂಡೆಯ ಊರೊಂದರಲ್ಲಿ ನಿಂಗವ್ವ ಎಂಬ ಹುಡುಗಿಯ ಆಯಿ, ಅಂದರೆ ಅಜ್ಜಿ, ತೀರಿಕೊಳ್ಳುತ್ತಾಳೆ. ಹೊಳೆಯ ಮಡುವಿನ ಕೆಳಗೆ ಒಂದು ಲೋಕವಿದೆ. ಸತ್ತವರು ಅಲ್ಲಿ ಮುಖವಿಲ್ಲದೆ ಓಡಾಡುತ್ತಾರೆ. ಮೇಲೆ ಯಾರಾದರೂ ಅವರ ಕಥೆ ಹೇಳಿದರೆ, ಹೇಳುವಷ್ಟು ಹೊತ್ತು ಅವರಿಗೆ ಮುಖ ಮರಳಿ ಬರುತ್ತದೆ. ತೊಡಕೆಂದರೆ, ಹೇಳುವವರು ಬದಲಾದಂತೆ ಮುಖವೂ ಬದಲಾಗುತ್ತದೆ. ತನಗೆ ಗೊತ್ತಿದ್ದ ಆಯಿಯೇ ಬೇಕೆಂದು ಹಟ ಹಿಡಿದ ನಿಂಗವ್ವ ಊರವರ ಬಾಯಿ ಮುಚ್ಚಿಸಲು ಹೊರಡುತ್ತಾಳೆ.

ಕಥೆ ಹೊಳೆದ ಮೇಲೆ ಎದುರಾದ ಪ್ರಶ್ನೆ ಬೇರೆಯದೇ ಆಗಿತ್ತು. ಗದ್ಯದಲ್ಲಿ ‘ಕಟ್ಟೆಯ ಮೇಲೆ ಆಯಿ ಇರಲಿಲ್ಲ’ ಎಂದು ಬರೆದರೆ ಓದುಗನಿಗೆ ಆಯಿಯೂ ಕಾಣುತ್ತಾಳೆ, ಅವಳು ಇಲ್ಲದಿರುವುದೂ ಕಾಣುತ್ತದೆ. ಚಿತ್ರದಲ್ಲಿ ಬರಿ ಕಟ್ಟೆಯನ್ನು ಬರೆದರೆ ಕಾಣುವುದು ಕಟ್ಟೆ ಮಾತ್ರ. ಇದಕ್ಕೆ ಉತ್ತರ ನನಗೆ ಸಿಕ್ಕಿದ್ದು ನಮ್ಮ ಕಲಬುರಗಿ ಜಿಲ್ಲೆಯ ಸನ್ನತಿಯ ಹತ್ತಿರದ ಕನಗನಹಳ್ಳಿಯಲ್ಲಿ. 1990ರ ದಶಕದಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯವರು ಅಲ್ಲಿ ಅಗೆದು ತೆಗೆದ ಬೌದ್ಧ ಸ್ತೂಪದ ಶಿಲಾಫಲಕಗಳು, ನಾವು ಮನೆಯ ನೆಲಕ್ಕೆ ಹಾಸುವ ಪರಸಿಯಂಥದೇ ಸುಣ್ಣಕಲ್ಲಿನವು, ಒಂದರ ಪಕ್ಕ ಒಂದು ನಿಂತು ಕಥೆ ಹೇಳುತ್ತವೆ. ಹಲವು ಫಲಕಗಳಲ್ಲಿ ಬ್ರಾಹ್ಮಿ ಲಿಪಿಯ ಸಣ್ಣ ಬರಹವಿದೆ. ಪರಿವಾರದೊಡನೆ ನಿಂತ ರಾಜನ ಫಲಕದಲ್ಲಿ ‘ರಾಯೋ ಅಸೋಕೋ’ ಎಂದು ಕೆತ್ತಿರುವುದರಿಂದಲೇ ಆತ ಅಶೋಕನೆಂದು ಇಂದು ನಮಗೆ ಗೊತ್ತು. ಚಿತ್ರ, ಚೌಕಟ್ಟು, ಜೊತೆಗೊಂದು ಸಾಲು ಬರಹ: ಪ್ಯಾನೆಲ್‌ಗಳನ್ನು, ಅಂದರೆ ಚೌಕಟ್ಟಿನೊಳಗಿನ ಚಿತ್ರಗಳನ್ನು, ಜೋಡಿಸುವುದನ್ನು ಕಲಿಯಲು ವಿದೇಶಿ ಕಾಮಿಕ್ಸ್‌ಗಳನ್ನೇ ನೋಡಬೇಕೆಂಬ ನನ್ನ ಗೆಳೆಯರಿಗೆ ನಾನು ಈ ಜಾಗವನ್ನು ತೋರಿಸುತ್ತೇನೆ.

ಅಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಬುದ್ಧನಿಲ್ಲದ ಫಲಕಗಳು. ಬೌದ್ಧ ಶಿಲ್ಪದ ಹಳೆಯ ಪದ್ಧತಿಯಂತೆ ಆತನನ್ನು ಮನುಷ್ಯರೂಪದಲ್ಲಿ ತೋರಿಸದೆ ಬರಿದಾದ ಪೀಠವನ್ನೋ ಪಾದದ ಗುರುತನ್ನೋ ಕೆತ್ತಿ, ಸುತ್ತಲೂ ಕೈಮುಗಿದವರನ್ನು ಕೂರಿಸಿದ್ದಾರೆ. ಪೀಠ ಖಾಲಿಯೆಂದು ಕಣ್ಣು ಹೇಳುತ್ತದೆ, ಆದರೆ ಸುತ್ತಲಿನವರು ನೋಡುತ್ತಿರುವ ರೀತಿ ಅದನ್ನು ಒಪ್ಪುವುದಿಲ್ಲ. ಇಲ್ಲದಿರುವಿಕೆಯನ್ನು ಪೀಠ ತೋರಿಸುತ್ತಿಲ್ಲ, ನೋಡುವವರ ಕತ್ತಿನ ಬಾಗು ತೋರಿಸುತ್ತಿದೆ ಎಂಬುದು ಹೊಳೆದ ಮೇಲೆ ಮೇಲಿನ ಲೋಕದ ಪುಟಗಳಲ್ಲಿ ಆಯಿಯನ್ನು ಒಮ್ಮೆಯೂ ಬರೆಯಬಾರದೆಂದು ನಿಶ್ಚಯಿಸಿದೆ. ಬದಲಿಗೆ ರೊಟ್ಟಿ ತಟ್ಟುವ ಅವ್ವ ಕಟ್ಟೆಯ ಕಡೆ ಹೊರಳುತ್ತಾಳೆ, ಆಕಳು ಅದೇ ಮೂಲೆಗೆ ಮೂತಿ ಚಾಚುತ್ತದೆ, ಅಪ್ಪ ಮಡಚಿಟ್ಟ ಕೌದಿಗೆ ಸುತ್ತುಹಾಕಿ ದಾಟುತ್ತಾನೆ. ಕಣ್ಣುಗಳ ದಿಕ್ಕು ಒಂದು ಕೂದಲೆಳೆಯಷ್ಟು ತಪ್ಪಿದರೂ ಪುಟ ಸಾಯುತ್ತದೆ. ಹಾಗಾಗಿ ಮೊದಲು ಆಯಿಯನ್ನು ಪೆನ್ಸಿಲ್‌ನಲ್ಲಿ ಪೂರ್ತಿ ಬರೆದು, ಎಲ್ಲರ ನೋಟವನ್ನೂ ಅವಳ ಮೇಲೆ ಕೂರಿಸಿ, ಶಾಯಿ ಹಾಕಿದ ಮೇಲೆ ಅವಳನ್ನು ಅಳಿಸುತ್ತಿದ್ದೆ.

ಕಥನದ ಲಯಕ್ಕೆ ನಾನು ಹೋದದ್ದು ಮೊಹರಂ ಪದಗಳ ಹತ್ತಿರ. ಕರ್ಬಲಾದಲ್ಲಿ 680ರಲ್ಲಿ ಮಡಿದ ಹುಸೇನರ ಕಥೆಯನ್ನು ನಮ್ಮ ಕಡೆ ಹಿಂದೂ ಮುಸಲ್ಮಾನರಿಬ್ಬರೂ ಕೂಡಿ ಕನ್ನಡದ ರಿವಾಯತ್ ಪದಗಳಲ್ಲಿ ಹಾಡುತ್ತಾರೆ. ಮುಂದಿನವನು ಎತ್ತಿದ ಸಾಲನ್ನು ಹಿಂದಿನವರು ಮತ್ತೆ ಹಾಡುತ್ತಾರೆ. ಎಲ್ಲರಿಗೂ ಗೊತ್ತಿರುವ ಸಾವು ಪ್ರತಿ ವರ್ಷ ಹೊಸದಾಗಿ ನಡೆಯುತ್ತದೆ. ಸತ್ತ ಮನೆಗೆ ಮಾತಾಡಿಸಲು ಬಂದವರೆಲ್ಲ “ಹೆಂಗಾತು?” ಎಂದು ಕೇಳುವುದೂ, ಮನೆಯವರು ಮೊದಲಿನಿಂದ ಹೇಳುವುದೂ ಇದೇ ಕ್ರಮವಲ್ಲವೆ? ಅದನ್ನು ನಾನು ಪುಟಕ್ಕೆ ಹೀಗೆ ತಂದೆ: ಆಯಿಯ ಸಾವಿನ ಪ್ಯಾನೆಲ್ ಪುಸ್ತಕದುದ್ದಕ್ಕೂ ಅದೇ ಅಳತೆ, ಅದೇ ಕೋನದಲ್ಲಿ ಮರಳಿ ಬರುತ್ತದೆ, ಆದರೆ ಹೇಳುವವರಿಗೆ ತಕ್ಕಂತೆ ಒಂದು ವಸ್ತು ಬದಲಾಗುತ್ತದೆ. ಕುಂಬಾರ ಕಾಕಾ ಹೇಳುವಾಗ ತಲೆದೆಸೆಯಲ್ಲಿ ಮಡಕೆ ಇರುತ್ತದೆ. ಅವ್ವ ಹೇಳುವಾಗ ಅದು ಇರುವುದಿಲ್ಲ.

ಕೆಳಲೋಕದ ಪುಟಗಳನ್ನು ಕಪ್ಪಿನ ಮೇಲೆ ಬಿಳಿ ಗೆರೆಯಲ್ಲಿ ಬರೆದೆ. ಬೀದರಿನ ಬಿದ್ರಿ ಕೆಲಸದಲ್ಲಿ ಕೋಟೆಯ ಮಣ್ಣಿಗೆ ನವಸಾಗರ ಬೆರೆಸಿ ಬಿಸಿ ಮಾಡಿದ ಸತುವಿನ ಮೇಲೆ ತಿಕ್ಕಿದಾಗ ಲೋಹ ಕಪ್ಪಾಗುತ್ತದೆ, ಕೂರಿಸಿದ ಬೆಳ್ಳಿ ಮಾತ್ರ ಹಾಗೇ ಉಳಿಯುತ್ತದೆ. ಆ ಬೆಳ್ಳಿಯ ಪಾಲನ್ನು ನಾನು ಮುಖಗಳಿಗೆ ಕೊಟ್ಟೆ.

ಇದೆಲ್ಲಕ್ಕಿಂತ ಹೆಚ್ಚು ಹೊತ್ತು ತಿಂದದ್ದು ಅಕ್ಷರ. ಕನ್ನಡದ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುವುದರಿಂದ ಸಾಲುಗಳ ನಡುವೆ ಜಾಗ ಹೆಚ್ಚು ಬೇಕು. ನಮ್ಮ ಉದ್ದುದ್ದ ಕ್ರಿಯಾಪದಗಳನ್ನು ನಡುವೆ ಮುರಿದರೆ ಓದು ಎಡವುತ್ತದೆ. ಆದ್ದರಿಂದ ಮಾತನ್ನು ಮೊದಲು ಕೈಯಲ್ಲಿ ಬರೆದುಕೊಂಡು, ಮಾತು ಕೂರುವ ಬಲೂನನ್ನು ಅಡ್ಡಕ್ಕೆ ಅಗಲ ಮಾಡಿ, ಉಳಿದ ಜಾಗದಲ್ಲಿ ಚಿತ್ರ ಕೂರಿಸುವುದು ನನ್ನ ಪದ್ಧತಿಯಾಯಿತು. ಬಲೂನಿನೊಳಗೆ ನಮ್ಮ ಕಡೆಯ ಆಡುಮಾತನ್ನೇ ಇಟ್ಟೆ. ಅದು ಮೊಟಕಾಗಿರುವುದೂ ಅನುಕೂಲವಾಯಿತೆಂಬುದನ್ನು ಮುಚ್ಚಿಡಬೇಕಿಲ್ಲ.

ಕೊನೆಯಲ್ಲಾದರೂ ಆಯಿಯ ನಿಜವಾದ ಮುಖವನ್ನು ತೋರಿಸಬೇಕಿತ್ತು ಎಂದ ಓದುಗರಿದ್ದಾರೆ. ನಾನು ಒಪ್ಪಲಿಲ್ಲ, ಒಂದು ಮುಖವನ್ನು ನಿಜವೆಂದು ಮುದ್ರೆಯೊತ್ತಿದರೆ ಅಲ್ಲಿಯವರೆಗೆ ಊರವರು ಹೇಳಿದ್ದೆಲ್ಲ ಸುಳ್ಳಾಗುತ್ತದೆ. ಅದಕ್ಕೇ ಕೊನೆಯ ಅಧ್ಯಾಯದಲ್ಲಿ ನಿಂಗವ್ವ ತಾನೇ ಕಥೆ ಹೇಳಲು ಕೂರುತ್ತಾಳೆ, ಮುಖ ಅವಳು ಹೇಳಿದಂತೆಯೇ ಮೂಡುತ್ತದೆ, ಮತ್ತು ಪಕ್ಕದಲ್ಲಿ ಕೂತ ಕುಂಬಾರ ಕಾಕಾ “ಅಕಿ ಹಂಗ ಇದ್ದಿದ್ದಿಲ್ಲವಾ ತಂಗಿ, ನಾ ಹೇಳ್ತೀನಿ ಕೇಳು” ಎಂದು ತಕರಾರು ತೆಗೆಯುತ್ತಾನೆ.