ಬಜೆಟ್ ಪುಸ್ತಕ ಹಿಡಿದು ಕೂತೆ, ಈಗ ಅದೇ ಅನ್ನ ಕೊಡುತ್ತಿದೆ: ನನ್ನ ಅನುಭವ

2025ರ ಮಾರ್ಚ್ 7, ಶುಕ್ರವಾರ. ಸಿದ್ದರಾಮಯ್ಯನವರು ತಮ್ಮ 16ನೇ ಬಜೆಟ್ ಮಂಡಿಸಿದ ದಿನ. ಗಾತ್ರ 4,09,549 ಕೋಟಿ. ಸಂಜೆ ಎಲ್ಲ ಚಾನೆಲ್‌ಗಳಲ್ಲೂ ಯಾರಿಗೆ ಸಿಕ್ಕಿತು, ಯಾರಿಗೆ ಸಿಗಲಿಲ್ಲ ಅನ್ನುವ ಜಗಳ ನಡೆದಿತ್ತು. ನಾನು ಒಂದೇ ಒಂದು ಹಾಳೆ ಪ್ರಿಂಟ್ ತೆಗೆದುಕೊಂಡು ಮೊಬೈಲ್ ಮುಂದೆ ಕೂತೆ. ಗೃಹಲಕ್ಷ್ಮಿಗೆ ಇಟ್ಟ ಹಣ ಸುಮಾರು 28,600 ಕೋಟಿ. ಒಬ್ಬರಿಗೆ ತಿಂಗಳಿಗೆ 2,000, ವರ್ಷಕ್ಕೆ 24,000. ಭಾಗಿಸಿದರೆ 1 ಕೋಟಿ 19 ಲಕ್ಷ ಬರುತ್ತದೆ. ಅಂದರೆ ಅಷ್ಟು ಜನಕ್ಕೆ ಹನ್ನೆರಡು ಕಂತೂ ಕೊಟ್ಟರೆ ಗಂಟು ಖಾಲಿ. ಫಲಾನುಭವಿಗಳ ಪಟ್ಟಿ ಬೆಳೆದರೆ ಹಣ ಎಲ್ಲಿಂದ ಬರಬೇಕು ಅಂತ ಕೇಳಿ ಮುಗಿಸಿದೆ. ಆರು ನಿಮಿಷದ ವಿಡಿಯೊ. ವಾರದೊಳಗೆ ಎರಡೂವರೆ ಲಕ್ಷದ ಹತ್ತಿರ ಜನ ನೋಡಿದರು. ಅದಕ್ಕಿಂತ ಮುಖ್ಯ, ನೋಡಿದವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಕೊನೆಯವರೆಗೂ ಕೂತಿದ್ದರು.

'ಬಜೆಟ್ ಪುಸ್ತಕ ಯಾರ್ರೀ ಕೇಳ್ತಾರೆ, ಜಗಳ ಇಲ್ಲದಿದ್ರೆ ರಾಜಕೀಯ ಓಡಲ್ಲ' ಅಂತ ನನಗೆ ಹೇಳಿದವರು ಒಬ್ಬಿಬ್ಬರಲ್ಲ. ಅವರಲ್ಲಿ ಮೂವರು ಈಗ ಅದೇ ರೀತಿ ಹಾಳೆ ಹಿಡಿದು ಮಾತಾಡುತ್ತಿದ್ದಾರೆ. ನನಗೆ ನಿಜವಾಗಿ ಸಂತೋಷ ಆಗಿದೆ. ಬಜೆಟ್, ಚುನಾವಣೆಯ ಅಂಕಿಗಳನ್ನು ವಿಡಿಯೊದಲ್ಲಿ ಬಿಡಿಸಿ ಹೇಳುವ ಈ ಕೆಲಸದಲ್ಲಿ ಇರುವವರಿಗೆ, ಹೊಸದಾಗಿ ಬರುವವರಿಗೆ ಉಪಯೋಗ ಆಗಲಿ ಅಂತ ಇದನ್ನು ಬರೆಯುತ್ತಿದ್ದೇನೆ. ಮೈಕ್ ಯಾವುದು, ಎಡಿಟಿಂಗ್ ಆ್ಯಪ್ ಯಾವುದು ಅಂತ ಹೇಳುವುದಿಲ್ಲ, ಅದು ನಿಮಗೆ ಗೊತ್ತಿದೆ.

ನಾನು ಈ ಕಡೆ ಬಂದದ್ದು ಪ್ರೆಸ್ ನೋಟ್ ಬರೆಯುವವನಾಗಿ. 2018ರ ವಿಧಾನಸಭೆ ಚುನಾವಣೆಯಲ್ಲಿ ಒಬ್ಬ ಅಭ್ಯರ್ಥಿಯ ವಾರ್ ರೂಮ್‌ನಲ್ಲಿ ಎರಡೂವರೆ ತಿಂಗಳು ದುಡಿದೆ. ಬೆಳಿಗ್ಗೆ ಭಾಷಣದ ಪಾಯಿಂಟ್, ಮಧ್ಯಾಹ್ನ ಪತ್ರಿಕಾ ಹೇಳಿಕೆ, ರಾತ್ರಿ ವಾಟ್ಸ್ಆ್ಯಪ್‌ಗೆ ಬರಹ. ಕರಪತ್ರದ ಕೆಳಗೆ ಮುದ್ರಕರ ಹೆಸರು, ಪ್ರಕಾಶಕರ ಹೆಸರು ಇದೆಯೇ ಅಂತ ನೋಡುವುದೂ ನನ್ನ ಪಾಲಿಗೇ ಬಿತ್ತು. ಅದು ಇಲ್ಲದಿದ್ದರೆ ಜನಪ್ರತಿನಿಧಿ ಕಾಯ್ದೆಯ 127ಎ ಪ್ರಕಾರ ಕೇಸು. ಒಪ್ಪಿಕೊಂಡಿದ್ದು ಒಂದು ಲಕ್ಷದ ಹತ್ತು ಸಾವಿರಕ್ಕೆ. ಕೈಗೆ ಬಂದದ್ದು ಐವತ್ತು ಸಾವಿರ. ಅಭ್ಯರ್ಥಿ ಸೋತರು, ಮರುದಿನದಿಂದ ಫೋನ್ ಎತ್ತುವವರಿಲ್ಲ. ಅಲ್ಲಿಂದ ಮುಂದೆ ಚುನಾವಣೆ ಕೆಲಸಕ್ಕೆ ವಾರದ ಲೆಕ್ಕದಲ್ಲಿ ದುಡ್ಡು, ಕೊನೆಯ ವಾರದ್ದು ಮುಂಗಡ. ಮತದಾನ ಮುಗಿದ ಮೇಲೆ ಬರುವ ದುಡ್ಡನ್ನು ನಾನು ದುಡ್ಡು ಅಂತ ಎಣಿಸುತ್ತಲೇ ಇರಲಿಲ್ಲ.

2019ರಲ್ಲಿ ಇನ್ನೊಂದು ತಪ್ಪು ಮಾಡಿದೆ. ಲೋಕಸಭೆಗೆ ನಮ್ಮಲ್ಲಿ ಏಪ್ರಿಲ್ 18 ಮತ್ತು 23, ಎರಡು ಹಂತದಲ್ಲಿ 14, 14 ಕ್ಷೇತ್ರಗಳಿಗೆ ಮತದಾನ. ಮೊದಲ ಹಂತ ಮುಗಿದ ರಾತ್ರಿ ಮತ ಹಾಕಿ ಬಂದವರನ್ನು ಮಾತಾಡಿಸಿ 'ಗಾಳಿ ಯಾವ ಕಡೆ' ಅಂತ ವಿಡಿಯೊ ಹಾಕಿಬಿಟ್ಟೆ. ಅದು ಎಕ್ಸಿಟ್ ಪೋಲ್ ಆಗುತ್ತದೆ, ದೇಶದಲ್ಲಿ ಕೊನೆಯ ಹಂತದ ಮತದಾನ ಮುಗಿದು ಅರ್ಧ ಗಂಟೆ ಆಗುವವರೆಗೆ ಅದೇ ಕಾಯ್ದೆಯ 126ಎ ಅಡಿ ನಿಷೇಧ. ವಕೀಲ ಗೆಳೆಯನೊಬ್ಬ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿ ಬೈದ. ತಕ್ಷಣ ತೆಗೆದೆ. ಯಾರೂ ದೂರು ಕೊಡಲಿಲ್ಲ, ಬಚಾವಾದೆ. ಹತ್ತು ಜನ ನೋಡುವ ಚಾನೆಲ್ ಆದರೂ ಆ ನಿಯಮ ನಮಗೂ ಅನ್ವಯಿಸುತ್ತದೆ, ಹೊಸಬರು ಇದನ್ನು ಗಟ್ಟಿಯಾಗಿ ನೆನಪಿಡಿ.

ಆಮೇಲೆ ಪ್ಯಾನಲ್ ಚರ್ಚೆಗಳ ಕಾಲ. 2020ರಿಂದ 22ರವರೆಗೆ ಸುಮಾರು 140 ಚರ್ಚೆಗಳಲ್ಲಿ ಕೂತಿದ್ದೇನೆ. ಕಾರು ಕಳಿಸುತ್ತಾರೆ, ಕಾಫಿ ಕೊಡುತ್ತಾರೆ, ಹೆಸರಿನ ಕೆಳಗೆ 'ರಾಜಕೀಯ ವಿಶ್ಲೇಷಕರು' ಅಂತ ಬರೆಯುತ್ತಾರೆ. ದುಡ್ಡು ಇಲ್ಲ. ಒಂದು ಗಂಟೆಯ ಚರ್ಚೆಯಲ್ಲಿ ನನಗೆ ಸಿಗುತ್ತಿದ್ದುದು ಹೆಚ್ಚೆಂದರೆ ಮೂರು ನಿಮಿಷ, ಅದರಲ್ಲೂ ಇಬ್ಬರು ವಕ್ತಾರರು ಮಧ್ಯೆ ಬಾಯಿ ಹಾಕುತ್ತಿದ್ದರು. ಒಮ್ಮೆ ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿಯ ವರದಿಯ ಪುಟ ಹಿಡಿದುಕೊಂಡು ಹೋಗಿದ್ದೆ. ಆ್ಯಂಕರ್ ಬ್ರೇಕ್‌ನಲ್ಲಿ 'ಸರ್, ಪೇಪರ್ ಬೇಡ, ಸ್ವಲ್ಪ ಫೈರ್ ಬೇಕು' ಅಂದರು. ಮನೆಗೆ ವಾಪಸ್ ಬರುವಾಗ ಆ ಪುಟವನ್ನೇ ನೋಡುತ್ತಾ ಕೂತಿದ್ದೆ. ಇದರಲ್ಲಿ ಏನಿದೆ ಅಂತ ಜನರಿಗೆ ಯಾರು ಹೇಳುತ್ತಾರೆ ಅನ್ನುವ ಸಂಕಟ ಶುರುವಾಗಿದ್ದು ಅಲ್ಲಿಂದ.

ಅದನ್ನು ನಾನೇ ವಿಡಿಯೊದಲ್ಲಿ ಹೇಳಲು ಹೊರಟ ಮೊದಲ ಪ್ರಯತ್ನ ಪೂರ್ತಿ ನೆಲಕಚ್ಚಿತು. ಅನಿಮೇಷನ್ ಮಾಡುವ ಹುಡುಗನಿಗೆ 22,000 ಕೊಟ್ಟು ಎರಡು ವಿಡಿಯೊ ಮಾಡಿಸಿದೆ. ಬಾರ್ ಚಾರ್ಟ್ ಏರುತ್ತದೆ, ಇಳಿಯುತ್ತದೆ, ಹಿಂದೆ ಮ್ಯೂಸಿಕ್. ಎರಡೂ ಸೇರಿ 900 ವ್ಯೂಸ್ ದಾಟಲಿಲ್ಲ. ಆಮೇಲೆ ಖರ್ಚಿಗೆ ಹಣ ಇಲ್ಲದೆ ಪ್ರಿಂಟ್ ತೆಗೆದ ಹಾಳೆಯನ್ನೇ ಕೈಯಲ್ಲಿ ಹಿಡಿದು, ಕೆಂಪು ಪೆನ್ನಿನಲ್ಲಿ ಒಂದು ಅಂಕಿಗೆ ಸುತ್ತು ಹಾಕಿ ಮಾತಾಡಿದೆ. ಅದಕ್ಕೆ 11,000 ಬಂತು. ನಂಬಲಿಲ್ಲ. ಮತ್ತೆ ನಾಲ್ಕು ಸಲ ಅನಿಮೇಷನ್ ಒಂದು, ಹಾಳೆ ಒಂದು ಅಂತ ಹಾಕಿ ನೋಡಿದೆ. ನಾಲ್ಕೂ ಸಲ ಹಾಳೆಯೇ ಗೆದ್ದಿತು. ಜನರಿಗೆ ಅಂಕಿ ಎಲ್ಲಿಂದ ಬಂತು ಅಂತ ಕಣ್ಣಾರೆ ಕಾಣಬೇಕು. ಸರ್ಕಾರದ ಪುಸ್ತಕದ ಆ ಅಕ್ಷರ, ಆ ಕಾಲಂ ಕಂಡರೆ ನಂಬಿಕೆ ಬರುತ್ತದೆ.

ಎರಡನೇ ಪಾಠ ಕಲಿಸಿದ್ದು ಮೂರು ಕಾಲಂ. ಬಜೆಟ್ ಪುಸ್ತಕದಲ್ಲಿ ಆಯವ್ಯಯ ಅಂದಾಜು, ಪರಿಷ್ಕೃತ ಅಂದಾಜು, ಲೆಕ್ಕಗಳು ಅಂತ ಇರುತ್ತವೆ ಅಲ್ವಾ. ಎಲ್ಲರೂ ಮೊದಲನೆಯದನ್ನೇ ಓದುತ್ತಾರೆ. ನಿಜವಾಗಿ ಖರ್ಚಾದದ್ದು ಮೂರನೆಯದು, ಅದು ಎರಡು ವರ್ಷ ತಡವಾಗಿ ಬರುತ್ತದೆ. ಹಾಗಾಗಿ ಪ್ರತಿ ಬಜೆಟ್ ದಿನ ನಾನು ಎರಡು ವರ್ಷದ ಹಿಂದಿನ ಘೋಷಣೆ ಏನಾಯಿತು ಅಂತ ಹುಡುಕುತ್ತೇನೆ. ಯಾವ ಸಂಪುಟದ ಯಾವ ಪುಟ ಮೊದಲು ತೆರೆಯುತ್ತೇನೆ, ಯಾವ ಲೆಕ್ಕಶೀರ್ಷಿಕೆಗಳನ್ನು ಜೋಡಿಸಿ ಓದುತ್ತೇನೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಅದು ನಾಲ್ಕು ವರ್ಷದ ದುಡಿಮೆ.

ಹೆಸರು ತಂದುಕೊಟ್ಟದ್ದು ಮಾತ್ರ ಬಜೆಟ್ ಅಲ್ಲ, 2023ರ ಮೇ 13ರ ಫಲಿತಾಂಶ. ಕಾಂಗ್ರೆಸ್ 135, ಬಿಜೆಪಿ 66, ಜೆಡಿಎಸ್ 19. ಅವತ್ತು ಎಲ್ಲರೂ ಬಿಜೆಪಿ ಮತ ಕುಸಿಯಿತು ಅನ್ನುತ್ತಿದ್ದರು. ನನ್ನ ಹಾಳೆಯಲ್ಲಿ ಇದ್ದದ್ದು ಬೇರೆ. 2018ರಲ್ಲಿ 104 ಸೀಟು ಬಂದಾಗ ಬಿಜೆಪಿಗೆ ಸುಮಾರು 36 ಶೇಕಡ ಮತ. 66 ಬಂದಾಗಲೂ ಸುಮಾರು 36. ಕುಸಿದದ್ದು ಜೆಡಿಎಸ್, 18ರಿಂದ 13ಕ್ಕೆ. ಏರಿದ್ದು ಕಾಂಗ್ರೆಸ್, 38ರಿಂದ 43ರ ಹತ್ತಿರಕ್ಕೆ. ಈ ಮೂರು ಸಾಲು ಬರೆದು ತೋರಿಸಿದೆ, ಅಷ್ಟೇ. ಜೆಡಿಎಸ್ ಮತವೆಲ್ಲ ನೇರ ಕಾಂಗ್ರೆಸ್‌ಗೆ ಹೋಯಿತು ಅಂತ ಹೇಳಲಿಲ್ಲ. ಆ ಅಂಕಿಯಿಂದ ಅದನ್ನು ಹೇಳಲು ಆಗುವುದಿಲ್ಲ. ರಾತ್ರಿ ಒಂಬತ್ತಕ್ಕೆ ಹಾಕಿದ್ದು, ಬೆಳಿಗ್ಗೆ ಎದ್ದರೆ ಒಂದು ಲಕ್ಷ ಎಂಬತ್ತು ಸಾವಿರ. ಎರಡೂ ಪಕ್ಷದ ಕಾರ್ಯಕರ್ತರು ಹಂಚಿಕೊಂಡಿದ್ದರು. ಅದೇ ವಾರ ಒಂದು ಪತ್ರಿಕೆಯಿಂದ ಅಂಕಣಕ್ಕೆ ಕರೆ ಬಂತು, ಬರಹಕ್ಕೆ 1,200 ರೂಪಾಯಿ.

ಅದರ ಹುಮ್ಮಸ್ಸಿನಲ್ಲಿ ಫಾರ್ಮ್ 20ಕ್ಕೆ ಕೈ ಹಾಕಿದೆ. ಬೂತ್‌ವಾರು ಮತಗಳ ಪಟ್ಟಿ ಅದು. ಒಂದು ಕ್ಷೇತ್ರಕ್ಕೆ ಸುಮಾರು 250 ಬೂತ್, ಪುಟಗಳೆಲ್ಲ ಸ್ಕ್ಯಾನ್ ಮಾಡಿದವು. ಇಬ್ಬರು ವಿದ್ಯಾರ್ಥಿಗಳಿಗೆ 14,000 ಕೊಟ್ಟು ಒಂಬತ್ತು ಕ್ಷೇತ್ರ ಟೈಪ್ ಮಾಡಿಸಿದೆ. ಕೂಡಿಸಿ ನೋಡಿದರೆ ಎರಡು ಕ್ಷೇತ್ರದ ಒಟ್ಟು ತಾಳೆ ಆಗಲಿಲ್ಲ, ಮತ್ತೆ ಹನ್ನೆರಡು ದಿನ ನಾನೇ ಕೂತು ತಿದ್ದಿದೆ. ವಿಡಿಯೊ ಆಗಿ ಅದು ಓಡಲಿಲ್ಲ, ತೀರಾ ಊರೂರಿನ ಮಾತಾಯಿತು. ಆದರೆ ಆ ಒಂಬತ್ತು ಕ್ಷೇತ್ರಗಳ ಸ್ಥಳೀಯ ಪತ್ರಕರ್ತರು ಈಗಲೂ ನನಗೆ ಫೋನ್ ಮಾಡುತ್ತಾರೆ. ಅದರ ಬೆಲೆ 14,000ಕ್ಕಿಂತ ದೊಡ್ಡದು.

2024ರ ಫೆಬ್ರವರಿ ನನಗೆ ಕಷ್ಟದ ತಿಂಗಳು. ರಾಜ್ಯ ಸರ್ಕಾರ ದೆಹಲಿಯ ಜಂತರ್ ಮಂತರ್‌ನಲ್ಲಿ ತೆರಿಗೆ ಪಾಲಿನ ಬಗ್ಗೆ ಧರಣಿ ಕೂತಿತ್ತು. ಕೇಂದ್ರ ರಾಜ್ಯಗಳಿಗೆ ಹಂಚುವ ತೆರಿಗೆಯಲ್ಲಿ ನಮ್ಮ ಪಾಲು, ಈ ಹಂಚಿಕೆಯ ಸೂತ್ರ ಹೇಳುವ 14ನೇ ಹಣಕಾಸು ಆಯೋಗದಲ್ಲಿ 4.713 ಶೇಕಡ ಇದ್ದದ್ದು 15ನೇ ಆಯೋಗದಲ್ಲಿ 3.647ಕ್ಕೆ ಇಳಿದಿತ್ತು. ಹೀಗೇ ಹೇಳಿದಾಗ ಒಂದೂವರೆ ನಿಮಿಷಕ್ಕೆ ಜನ ಎದ್ದು ಹೋದರು. ಮರುದಿನ ಬದಲಾಯಿಸಿದೆ: ಎಲ್ಲ ರಾಜ್ಯಗಳಿಗೆ ಹಂಚುವ ನೂರು ರೂಪಾಯಿಯಲ್ಲಿ ನಮಗೆ 4 ರೂಪಾಯಿ 71 ಪೈಸೆ ಬರುತ್ತಿತ್ತು, 15ನೇ ಆಯೋಗದಲ್ಲಿ ಅದು 3 ರೂಪಾಯಿ 65 ಪೈಸೆ ಆಯಿತು. ಮೇಜಿನ ಮೇಲೆ ಚಿಲ್ಲರೆ ಇಟ್ಟು ತೋರಿಸಿದೆ. ಅದು ಜನರ ಮನಸ್ಸಿನಲ್ಲಿ ನಿಂತಿತು.

ಆದರೆ ಕಾರಣವನ್ನೂ ಹೇಳಬೇಕಿತ್ತು. 15ನೇ ಆಯೋಗದ ಸೂತ್ರದಲ್ಲಿ ಆದಾಯದ ಅಂತರಕ್ಕೆ, ಅಂದರೆ ಶ್ರೀಮಂತ ರಾಜ್ಯಕ್ಕಿಂತ ತಲಾ ಆದಾಯ ಎಷ್ಟು ಕಡಿಮೆ ಅನ್ನುವುದಕ್ಕೆ, 45 ಶೇಕಡ ತೂಕ, ಜನಸಂಖ್ಯೆಗೆ 2011ರ ಗಣತಿ. ತಲಾ ಆದಾಯ ಜಾಸ್ತಿ ಇರುವ, ಜನಸಂಖ್ಯೆ ನಿಧಾನಕ್ಕೆ ಬೆಳೆದ ರಾಜ್ಯಕ್ಕೆ ಇದರಲ್ಲಿ ಪೆಟ್ಟು. ಇದನ್ನು ಹೇಳಿದ್ದಕ್ಕೆ ಒಂದು ಕಡೆಯವರು ನಾನು ಕೇಂದ್ರದ ವಕೀಲ ಅಂದರು, ಇನ್ನೊಂದು ಕಡೆಯವರು ರಾಜ್ಯದ ಬಾಡಿಗೆ ಬರಹಗಾರ ಅಂದರು. 2018ರ ಕೆಲಸದ ಫೋಟೊವನ್ನೂ ಯಾರೋ ಹುಡುಕಿ ತೆಗೆದರು. ಆ ರಾತ್ರಿ ನಿದ್ದೆ ಬರಲಿಲ್ಲ.

ಅದಕ್ಕೆ ಮಾಡಿದ ಉಪಾಯವೇ ನನ್ನ ವಿಧಾನದ ಅತಿ ಮುಖ್ಯ ಭಾಗ ಆಯಿತು. ಮರುದಿನ ನಾಲ್ಕು ನಿಮಿಷದ ವಿಡಿಯೊದಲ್ಲಿ ಹಿಂದೆ ಯಾವ ಪಕ್ಷದ ಅಭ್ಯರ್ಥಿಗೆ ದುಡಿದೆ, ಎಷ್ಟು ದುಡ್ಡು ಬಂತು, ಎಷ್ಟು ಬರಲಿಲ್ಲ ಎಲ್ಲ ಹೇಳಿದೆ. ಇನ್ನು ಮುಂದೆ ಯಾವ ಪಕ್ಷದ, ಯಾವ ಅಭ್ಯರ್ಥಿಯ ಕೆಲಸವೂ ಒಪ್ಪುವುದಿಲ್ಲ, ಬೇರೆ ಎಲ್ಲಿಂದ ದುಡ್ಡು ಬಂದರೂ ಮೂರು ತಿಂಗಳಿಗೊಮ್ಮೆ ಲೆಕ್ಕ ಓದುತ್ತೇನೆ ಅಂದೆ. ಗೆಳೆಯರು 'ನಿನ್ನ ಕಥೆ ಮುಗೀತು' ಅಂದರು. ಮುಗಿಯಲಿಲ್ಲ. ಆ ತಿಂಗಳು ಹೊಸದಾಗಿ ಸೇರಿದವರು ಒಂಬತ್ತು ಸಾವಿರದಷ್ಟು. ಆ ಲೆಕ್ಕ ಓದುವುದನ್ನು ಇದುವರೆಗೆ ಒಮ್ಮೆಯೂ ತಪ್ಪಿಸಿಲ್ಲ.

ದುಡ್ಡಿನ ಲೆಕ್ಕ ಇಲ್ಲೂ ಹೇಳಿಬಿಡುತ್ತೇನೆ. ಜಾಹೀರಾತಿನಿಂದ ತಿಂಗಳಿಗೆ ಎಂಟೊಂಬತ್ತು ಸಾವಿರ, ಬಜೆಟ್ ತಿಂಗಳಲ್ಲಿ ಮೂವತ್ತರ ಹತ್ತಿರ. ಅಂಕಣದಿಂದ ಐದು ಸಾವಿರ. ವಾರಕ್ಕೊಂದು ವಾಟ್ಸ್ಆ್ಯಪ್ ಪತ್ರ ಕಳಿಸುತ್ತೇನೆ, ತಿಂಗಳಿಗೆ 99 ರೂಪಾಯಿ, ಸದ್ಯ 310 ಜನ ಇದ್ದಾರೆ. ಹೆಚ್ಚು ಬರುವುದು ತರಬೇತಿಯಿಂದ: ಗ್ರಾಮ ಪಂಚಾಯಿತಿ ಸದಸ್ಯರಿಗೆ, ಪತ್ರಿಕೋದ್ಯಮ ಓದುವ ಮಕ್ಕಳಿಗೆ ಬಜೆಟ್ ಓದಿಸುವುದು, ದಿನಕ್ಕೆ ಏಳು ಸಾವಿರ. ವಾರದ ಪತ್ರದ ದರವನ್ನು 149 ರೂಪಾಯಿ ಮಾಡಿ ನೋಡಿದ್ದೆ, ಒಂದೇ ತಿಂಗಳಲ್ಲಿ ಅರವತ್ತು ಜನ ಬಿಟ್ಟರು, ವಾಪಸ್ 99ಕ್ಕೆ ಬಂದೆ.

ನಡುವೆ ಆರ್‌ಟಿಐ ಕೂಡ ಪ್ರಯತ್ನಿಸಿದೆ. ಮಾಹಿತಿ ಹಕ್ಕಿನ ಆ ಅರ್ಜಿಗೆ ಹತ್ತು ರೂಪಾಯಿ ಶುಲ್ಕ, ಉತ್ತರಕ್ಕೆ ಮೂವತ್ತು ದಿನ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ. ಮೊದಲು ಉದ್ದುದ್ದ ಬರೆದು ಎಲ್ಲ ವಾಪಸ್ ಬಂದವು. ಈಗ 60 ಪದದೊಳಗೆ ಮುಗಿಸುತ್ತೇನೆ. ಆದರೂ ನನಗೆ ಅದಕ್ಕಿಂತ ಬೇಗ ಮಾಹಿತಿ ಸಿಗುವುದು ವಿಧಾನಸಭೆಯ ಚುಕ್ಕೆ ರಹಿತ ಪ್ರಶ್ನೆಗಳ, ಅಂದರೆ ಬರಹದಲ್ಲೇ ಉತ್ತರ ಕೊಡುವ ಪ್ರಶ್ನೆಗಳ, ಉತ್ತರದಲ್ಲಿ. ಶಾಸಕರು ಕೇಳಿರುತ್ತಾರೆ, ಇಲಾಖೆ ತಾಲ್ಲೂಕುವಾರು ಅಂಕಿ ಕೊಟ್ಟಿರುತ್ತದೆ, ಆಮೇಲೆ ಹೆಚ್ಚಿನವರು ಅದನ್ನು ತೆರೆದೂ ನೋಡುವುದಿಲ್ಲ. ಬೆಳಗಾವಿ ಅಧಿವೇಶನದ ಹತ್ತು ದಿನದಲ್ಲಿ ನನಗೆ ಎರಡು ತಿಂಗಳಿಗಾಗುವಷ್ಟು ಸರಕು ಸಿಗುತ್ತದೆ. ಆ ರಾಶಿಯಲ್ಲಿ ಬೇಕಾದ್ದನ್ನು ಹೇಗೆ ಹೆಕ್ಕುತ್ತೇನೆ ಅನ್ನುವುದು ಇನ್ನೂ ನನ್ನ ಹತ್ತಿರವೇ ಇರಲಿ.

ಕಳೆದ ಬಜೆಟ್ ಆದ ಮೇಲೆ 'ಪೇಪರ್ ಬೇಡ' ಅಂದಿದ್ದ ಚಾನೆಲ್‌ನಿಂದಲೇ ಕರೆ ಬಂತು. ಎರಡು ಷರತ್ತು ಹಾಕಿದೆ. ಹತ್ತು ನಿಮಿಷ ಒಬ್ಬನೇ ಕೂರುತ್ತೇನೆ, ಕ್ಯಾಮೆರಾ ನನ್ನ ಮುಖಕ್ಕಿಂತ ಹಾಳೆಯನ್ನು ಜಾಸ್ತಿ ತೋರಿಸಬೇಕು. ಒಂದು ವಾರ ಸುಮ್ಮನಿದ್ದು, ಆಮೇಲೆ ಒಪ್ಪಿದರು. ಒಂದು ಸಲಕ್ಕೆ 3,500 ರೂಪಾಯಿ. ಇದುವರೆಗೆ ಹನ್ನೊಂದು ಸಲ ಹೋಗಿ ಬಂದಿದ್ದೇನೆ.