ಮಾವಿನ ತೋಪಿಗೊಂದು ಕರೆಂಟಿನ ಪೆಟ್ಟಿಗೆ

ಮೇ ತಿಂಗಳು ಬಂತೆಂದರೆ ಶ್ರೀನಿವಾಸಪುರದ ಕಡೆ ಮಾವು ಬೆಳೆಯುವ ಮನೆಗಳಿಂದ ಒಬ್ಬರಾದರೂ ತೋಪಿನಲ್ಲಿ ಮಲಗಬೇಕು. ಬಾದಾಮಿ, ರಸಪುರಿ ಬಲಿಯುವಾಗ ಶುರುವಾದ ಕಾವಲು ತೋತಾಪುರಿ, ನೀಲಂ ಇಳಿಸುವ ತನಕ ಮುಗಿಯುವುದಿಲ್ಲ. 1902ರಲ್ಲೇ ಶಿವನಸಮುದ್ರದ ಕರೆಂಟು ಕೋಲಾರದ ಚಿನ್ನದ ಗಣಿಗೆ ಬಂದಿತ್ತು. ನಮ್ಮ ಕಾವಲು ಗುಡಿಸಲಿಗೆ ಇನ್ನೂ ಬಂದಿಲ್ಲ. ಪಂಪ್‌ಸೆಟ್ಟಿನ ಕಂಬದಿಂದ ಕೊಕ್ಕೆ ಹಾಕಿ ಎಳೆದುಕೊಳ್ಳುವುದು ಅಪರಾಧ, ಜೀವಕ್ಕೂ ಅಪಾಯ. ಹಾಗಾಗಿ ಚಿಕ್ಕಪ್ಪನ ತೋಪಿಗೆಂದು ಸೋಲಾರಿನಲ್ಲಿ ಚಾರ್ಜ್ ಆಗುವ ಒಂದು ಬ್ಯಾಟರಿ ಪೆಟ್ಟಿಗೆ ಕಟ್ಟಿದೆ. ಒಂದು ಕೈಯಲ್ಲಿ ಎತ್ತಿಕೊಂಡು ಹೋಗಬಹುದು. ರಜೆಯಲ್ಲಿ ಟೆಂಟ್ ಹಾಕಿ ಎರಡು ರಾತ್ರಿ ಕಳೆಯುವವರಿಗೂ ಇದೇ ಸಾಕು.

ಮೊದಲು ಲೆಕ್ಕ

ಅಂಗಡಿಗೆ ಹೋಗುವ ಮುಂಚೆ ಒಂದು ಹಾಳೆ ತೆಗೆದುಕೊಳ್ಳಿ. ಒಂದೊಂದು ಉಪಕರಣದ ವ್ಯಾಟ್ ಬರೆದು, ಅದು ಉರಿಯುವ ಗಂಟೆಗಳಿಂದ ಗುಣಿಸಿ. ನಮ್ಮದು ಹೀಗಿತ್ತು: ತೋಪಿನೊಳಗೆ ರಾತ್ರಿಯಿಡೀ ಉರಿಯುವ 5 ವ್ಯಾಟಿನ ಎಲ್‌ಇಡಿ ಬಲ್ಬು 11 ಗಂಟೆ, ಅಂದರೆ 55. ಗುಡಿಸಲೊಳಗಿನ ಇನ್ನೊಂದು 5 ವ್ಯಾಟಿನ ಬಲ್ಬು 4 ಗಂಟೆ, 20. ಮೂರು ಮೊಬೈಲಿಗೆ 60, ಟಾರ್ಚಿಗೆ 10. ಸೆಕೆಗೆ 15 ವ್ಯಾಟಿನ ಡಿಸಿ (ಬ್ಯಾಟರಿಯಿಂದ ನೇರ ಓಡುವ) ಫ್ಯಾನು 8 ಗಂಟೆ, 120. ಒಟ್ಟು 265 ವ್ಯಾಟ್-ಅವರ್. ಹೆಚ್ಚುಕಡಿಮೆ ಅರ್ಧ ಲೆಕ್ಕವನ್ನು ಫ್ಯಾನೇ ನುಂಗುತ್ತದೆ ನೋಡಿ. ಫ್ಯಾನು ಬೇಡ ಎನ್ನುವವರ ಪೆಟ್ಟಿಗೆ ಕಡಿಮೆ ಬೆಲೆಗೆ, ಕಡಿಮೆ ತೂಕಕ್ಕೆ ಮುಗಿಯುತ್ತದೆ.

ಎಲ್ಲವೂ 12 ವೋಲ್ಟಿನ ಡಿಸಿ ಸಾಮಾನೇ ಇರಲಿ. ಮನೆಯ ಬಲ್ಬು, ಮನೆಯ ಚಾರ್ಜರೇ ಬೇಕೆಂದು ಇನ್‌ವರ್ಟರ್ ಸೇರಿಸಿದರೆ, ಏನೂ ಹಾಕದೆ ಸುಮ್ಮನೆ ಆನ್ ಇಟ್ಟರೂ ಅದು ಬ್ಯಾಟರಿ ತಿನ್ನುತ್ತಿರುತ್ತದೆ. ಇಷ್ಟು ಚಿಕ್ಕ ಪೆಟ್ಟಿಗೆಗೆ ಅದು ಬೇಡವೇ ಬೇಡ.

ಬ್ಯಾಟರಿ

ಮೊದಲ ವರ್ಷ ನಾನು ಹಳೆಯ ಕಾರಿನ ಬ್ಯಾಟರಿ ತಂದಿಟ್ಟಿದ್ದೆ. ಒಂದೇ ಸುಗ್ಗಿಗೆ ಸತ್ತುಹೋಯಿತು. ತಪ್ಪು ಬ್ಯಾಟರಿಯದಲ್ಲ. ಕಾರಿನದು ಎಂಜಿನ್ ಸ್ಟಾರ್ಟ್ ಮಾಡಲು ಕ್ಷಣಕಾಲ ಭಾರಿ ಕರೆಂಟು ಕೊಡಲೆಂದು ಮಾಡಿದ್ದು. ರಾತ್ರಿಯಿಡೀ ನಿಧಾನವಾಗಿ ಬರಿದು ಮಾಡಿದರೆ ಒಳಗಿನ ಪ್ಲೇಟುಗಳು ಕೆಡುತ್ತವೆ.

ಈಗಿರುವುದು ಲಿಥಿಯಂ ಐರನ್ ಫಾಸ್ಫೇಟ್, ಅಂಗಡಿಯಲ್ಲಿ ಎಲ್‌ಎಫ್‌ಪಿ ಅಂತಾರೆ. ಒಂದೊಂದು ಸೆಲ್ 3.2 ವೋಲ್ಟ್, ಸಾಲಾಗಿ ನಾಲ್ಕು ಸೇರಿದರೆ 12.8. ನಮ್ಮದು 30 ಎಎಚ್ (ಆಂಪ್-ಅವರ್), ಅದನ್ನು 12.8ರಿಂದ ಗುಣಿಸಿದರೆ 384 ವ್ಯಾಟ್-ಅವರ್. ಅದರಲ್ಲಿ ಶೇ 80ರಷ್ಟನ್ನೇ ಬಳಸುವುದೆಂದು ಇಟ್ಟುಕೊಂಡರೂ 307 ಸಿಗುತ್ತದೆ, 265ಕ್ಕೆ ಸಾಕು. ತೂಕ ನಾಲ್ಕು ಕಿಲೋ ಆಸುಪಾಸು. ಇಷ್ಟೇ ಕೆಲಸ ಮಾಡುವ ಆಸಿಡ್ ಬ್ಯಾಟರಿ 15 ಕಿಲೋ ದಾಟುತ್ತದೆ.

ಬಿಡಿ ಸೆಲ್ ತಂದು ಮನೆಯಲ್ಲಿ ಬೆಸೆಯಲು ಹೋಗಬೇಡಿ. ಬಿಎಂಎಸ್ ಒಳಗೇ ಇರುವ ರೆಡಿ ಪ್ಯಾಕ್ ತನ್ನಿ. ಯಾವುದೇ ಸೆಲ್ ಹೆಚ್ಚು ಚಾರ್ಜ್ ಆಗದಂತೆ, ಪೂರ್ತಿ ಬರಿದಾಗದಂತೆ ಕಾಯುವ ಸರ್ಕ್ಯೂಟ್ ಅದು.

ಪ್ಯಾನಲ್, ಕಂಟ್ರೋಲರ್

100 ವ್ಯಾಟಿನ ಒಂದು ಸೋಲಾರ್ ಪ್ಯಾನಲ್ ಒಳ್ಳೆಯ ಬಿಸಿಲಿಗೆ ಐದೂವರೆ ಆಂಪ್ ಕೊಡುತ್ತದೆ. ಅದನ್ನು ಬ್ಯಾಟರಿಗೆ ಹದವಾಗಿ ಬಿಡುವುದು ಕಂಟ್ರೋಲರ್. ಕಡಿಮೆ ಬೆಲೆಯ ಪಿಡಬ್ಲ್ಯೂಎಂ ಕಂಟ್ರೋಲರ್‌ನಲ್ಲಿ ಬ್ಯಾಟರಿಗೆ ಸೇರುವುದು ಸುಮಾರು 70 ವ್ಯಾಟ್. ಐದು ಗಂಟೆ ನೆಟ್ಟ ಬಿಸಿಲಿದ್ದರೆ 350. ರಾತ್ರಿ ಖರ್ಚಾದದ್ದು ತುಂಬಿ, ಮೋಡದ ದಿನಕ್ಕೂ ಸ್ವಲ್ಪ ಉಳಿಯುತ್ತದೆ. ಎಂಪಿಪಿಟಿ ಕಂಟ್ರೋಲರ್ ಇನ್ನಷ್ಟು ಹಿಂಡುತ್ತದೆ ನಿಜ, ಆದರೆ ಆ ದುಡ್ಡನ್ನು ಬ್ಯಾಟರಿಗೆ ಹಾಕುವುದು ಮೇಲು. ಕಂಟ್ರೋಲರ್ 10 ಆಂಪಿನದು ಸಾಕು. ಕೊಳ್ಳುವಾಗ ಒಂದು ಮಾತು ಕೇಳಲೇಬೇಕು: ಇದರಲ್ಲಿ ಎಲ್‌ಎಫ್‌ಪಿ ಸೆಟ್ಟಿಂಗ್ ಇದೆಯೇ? ಈ ಬ್ಯಾಟರಿಯ ಗರಿಷ್ಠ ಮಿತಿ 14.6 ವೋಲ್ಟ್. ಆಸಿಡ್ ಬ್ಯಾಟರಿಗೆಂದೇ ಮಾಡಿದ ಕೆಲವು ಕಂಟ್ರೋಲರ್‌ಗಳು ಅದನ್ನು ದಾಟುತ್ತವೆ.

ಕೋಲಾರ 13 ಡಿಗ್ರಿ ಅಕ್ಷಾಂಶದಲ್ಲಿದೆ. ಏಪ್ರಿಲ್ ಕೊನೆಯ ವಾರ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೇ ಇರುತ್ತಾನೆ. ಸುಗ್ಗಿಯಲ್ಲಿ ಪ್ಯಾನಲನ್ನು ಹೆಚ್ಚು ಓರೆ ಇಡುವುದು ಬೇಡ, ನೀರು ಜಾರುವಷ್ಟು ಇಳಿಜಾರು ಸಾಕು. ಮರದಡಿ ಮಾತ್ರ ಇಡಬೇಡಿ. ಒಂದು ಕೊಂಬೆಯ ನೆರಳು ಮೂಲೆಗೆ ಬಿದ್ದರೂ ಇಡೀ ಪ್ಯಾನಲಿನ ಕರೆಂಟು ಕುಸಿಯುತ್ತದೆ.

ಜೋಡಿಸುವುದು

ಇಲ್ಲಿ ಅವಸರ ಬೇಡ. ಅದೇ ಮೊದಲ ವರ್ಷ, ಒಂದು ರಾತ್ರಿ ಇಲಿ ವೈರು ಕಡಿದು ಎರಡು ತಂತಿ ತಾಗಿದವು. ಫ್ಯೂಸ್ ಹಾಕಿರಲಿಲ್ಲ. ವೈರು ಕೆಂಪಗೆ ಕಾದು ಕರಗಿತು, ಪಕ್ಕದಲ್ಲೇ ರಾಗಿ ಹುಲ್ಲು. ಚಿಕ್ಕಪ್ಪನಿಗೆ ಎಚ್ಚರವಾದದ್ದರಿಂದ ಗುಡಿಸಲು ಉಳಿಯಿತು. ಹಾಗಾಗಿ ಫ್ಯೂಸ್ ಬ್ಯಾಟರಿಯ ಪ್ಲಸ್ ತುದಿಗೆ ಗೇಣುದ್ದದೊಳಗೇ ಇರಬೇಕು. ದೂರ ಇಟ್ಟರೆ ಬ್ಯಾಟರಿಗೂ ಫ್ಯೂಸಿಗೂ ನಡುವಿನ ವೈರಿಗೆ ರಕ್ಷಣೆಯೇ ಇರುವುದಿಲ್ಲ. ಕಾರುಗಳಲ್ಲಿ ಬಳಸುವ ಬ್ಲೇಡ್ ಫ್ಯೂಸ್, 15 ಆಂಪಿನದು, ನೀರು ಹೋಗದ ಹೋಲ್ಡರ್ ಸಹಿತ ಆಟೋ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುತ್ತದೆ. ಮನೆಯ ಎಸಿ ಕರೆಂಟಿನ ಎಂಸಿಬಿ ಇಲ್ಲಿಗೆ ಬರುವುದಿಲ್ಲ.

ಮುಚ್ಚಳಕ್ಕೆ ಚಿಲಕವಿರುವ ದಪ್ಪ ಪ್ಲಾಸ್ಟಿಕ್ಕಿನ ಟೂಲ್ ಬಾಕ್ಸ್ ತೆಗೆದುಕೊಳ್ಳಿ. ಕಬ್ಬಿಣದ ಟ್ರಂಕಾದರೆ ತೂತಿನ ಅಂಚು ವೈರನ್ನು ಉಜ್ಜುತ್ತದೆ. ತಳದಲ್ಲಿ ಬ್ಯಾಟರಿಯನ್ನು ಅಲುಗಾಡದಂತೆ ಬೆಲ್ಟಿನಿಂದ ಬಿಗಿಯಿರಿ. ಪ್ಲೈವುಡ್ ತುಂಡೊಂದನ್ನು ನಡುವೆ ನಿಲ್ಲಿಸಿ, ಅದರ ಮೇಲೆ ಕಂಟ್ರೋಲರ್ ಕೂರಿಸಿ. ಅದು ಬಿಸಿಯಾಗುವುದರಿಂದ ಅಕ್ಕಪಕ್ಕ ಗಾಳಿಗೆ ತೂತು ಬೇಕು. ಇರುವೆ ನುಗ್ಗದಂತೆ ತೂತಿಗೆ ಸೊಳ್ಳೆ ಪರದೆಯ ಜಾಲರಿ ಅಂಟಿಸಿ.

ವೈರು 2.5 ಚದರ ಮಿಲಿಮೀಟರಿನ ತಾಮ್ರದ್ದು, ಪ್ಲಸ್ಸಿಗೆ ಕೆಂಪು, ಮೈನಸ್ಸಿಗೆ ಕಪ್ಪು. ತುದಿಗಳಿಗೆ ಲಗ್ ಎಂಬ ಲೋಹದ ತುಂಡು ಹಾಕಿ ಇಕ್ಕಳದಲ್ಲಿ ಒತ್ತಿಸಿ, ಎಳೆದು ನೋಡಿ. ಬರೀ ತಿರುಚಿ ಟೇಪು ಸುತ್ತಿದ ಜೋಡಣೆ ಸಡಿಲವಾಗಿ ಬಿಸಿಯಾಗುತ್ತದೆ.

ಫ್ಯೂಸ್ ತೆಗೆದಿಟ್ಟು ಬ್ಯಾಟರಿಯನ್ನು ಕಂಟ್ರೋಲರಿಗೆ ಸೇರಿಸಿ. ಮಲ್ಟಿಮೀಟರ್‌ನಲ್ಲಿ ಪ್ಲಸ್, ಮೈನಸ್ ಇನ್ನೊಮ್ಮೆ ನೋಡಿಕೊಂಡ ಮೇಲೆ ಫ್ಯೂಸ್ ಹಾಕಿ, ಕಂಟ್ರೋಲರಿನ ಪರದೆ ಬೆಳಗುತ್ತದೆ. ಪ್ಯಾನಲಿನ ಸರದಿ ಆಮೇಲೆ. ಬಿಸಿಲಲ್ಲಿ ಪ್ಯಾನಲಿನ ವೈರಿನಲ್ಲಿ ಕರೆಂಟು ಇದ್ದೇ ಇರುವುದರಿಂದ ಅದರ ಮೇಲೆ ಗೋಣಿಚೀಲ ಹೊದೆಸಿ ಜೋಡಿಸಿ. ಬಿಚ್ಚುವಾಗ ಮೊದಲು ಪ್ಯಾನಲ್, ಕೊನೆಗೆ ಬ್ಯಾಟರಿ. ಬಲ್ಬು, ಫ್ಯಾನು, ಯುಎಸ್‌ಬಿ ಸಾಕೆಟ್ ಮೂರನ್ನೂ ಕಂಟ್ರೋಲರಿನ ಲೋಡ್ ತುದಿಯಿಂದ, ಒಂದೊಂದಕ್ಕೆ 5 ಆಂಪ್ ಫ್ಯೂಸ್ ಕೊಟ್ಟು ಎಳೆಯಿರಿ. ಲೋಡ್ 12 ವೋಲ್ಟಿಗೆ ಕಟ್ ಆಗುವಂತೆ ಸೆಟ್ ಮಾಡಿದರೆ ಬಿಎಂಎಸ್ ತಾನಾಗಿ ನಿಲ್ಲಿಸುವ ಹಂತಕ್ಕೆ ಹೋಗುವುದಿಲ್ಲ.

ವೋಲ್ಟ್ ಮೀಟರ್ ನೋಡಿ ಎಷ್ಟು ಉಳಿದಿದೆ ಎಂದು ಹೇಳುವುದು ಈ ಬ್ಯಾಟರಿಯಲ್ಲಿ ಕಷ್ಟ. ಬಹಳ ಹೊತ್ತು 13.2ರ ಆಸುಪಾಸಿನಲ್ಲೇ ನಿಂತು, ಕೊನೆಯಲ್ಲಿ ಒಮ್ಮೆಲೇ ಇಳಿಯುತ್ತದೆ. 12.8ಕ್ಕಿಂತ ಕೆಳಗೆ ಬಂದರೆ ಫ್ಯಾನು ನಿಲ್ಲಿಸಿ, ಬಲ್ಬು ಒಂದನ್ನೇ ಉಳಿಸಿಕೊಳ್ಳಿ.

ಬಿಸಿಲು, ಮಳೆ

45 ಡಿಗ್ರಿ ದಾಟಿದ ಬ್ಯಾಟರಿಯನ್ನು ಚಾರ್ಜ್ ಮಾಡಬಾರದು. ಮೇ ಮಧ್ಯಾಹ್ನ ತಗಡಿನ ಶೀಟಿನ ಕೆಳಗೆ ಆ ಬಿಸಿ ಸುಲಭವಾಗಿ ಬರುತ್ತದೆ. ಪ್ಯಾನಲ್ ಬಿಸಿಲಲ್ಲಿರಲಿ, ಪೆಟ್ಟಿಗೆ ಮರದ ನೆರಳಲ್ಲಿ ಎರಡು ಇಟ್ಟಿಗೆಯ ಮೇಲಿರಲಿ. ಗುಡುಗು ಸಿಡಿಲಿನ ಮುಂಗಾರು ಪೂರ್ವ ಮಳೆ ಕಂಡ ಕೂಡಲೇ ಪ್ಯಾನಲಿನ ವೈರು ಬಿಚ್ಚಿ ಪೆಟ್ಟಿಗೆಯನ್ನು ಒಳಗೆ ತನ್ನಿ.

ಸುಗ್ಗಿ ಮುಗಿದ ಮೇಲೆ ಪೂರ್ತಿ ತುಂಬಿಯೂ ಇಡಬೇಡಿ, ಬರಿದು ಮಾಡಿಯೂ ಇಡಬೇಡಿ. ಅರ್ಧ ಚಾರ್ಜಿನಲ್ಲಿ ಫ್ಯೂಸ್ ತೆಗೆದು ಮನೆಯ ತಣ್ಣಗಿನ ಮೂಲೆಯಲ್ಲಿಡಿ. ನಾವು ಹಬ್ಬದ ಲೆಕ್ಕದಲ್ಲಿ ನೆನಪಿಟ್ಟುಕೊಂಡಿದ್ದೇವೆ: ಗೌರಿ ಗಣೇಶಕ್ಕೆ, ದೀಪಾವಳಿಗೆ, ಸಂಕ್ರಾಂತಿಗೆ ಮೀಟರ್ ಹಿಡಿದು ನೋಡುವುದು, 13 ವೋಲ್ಟಿಗಿಂತ ಕಡಿಮೆ ಇದ್ದರೆ ಒಂದೆರಡು ಗಂಟೆ ಅಂಗಳದ ಬಿಸಿಲಿಗೆ ಪ್ಯಾನಲ್ ಇಡುವುದು.