ನಿಂಬೆಹೋಳು ಹಿಡಿದು ಕಲ್ಲಿನ ಅಂಗಡಿಗೆ: ಅಡುಗೆ ಕಟ್ಟೆಗೆ ಕಲ್ಲು ಆರಿಸುವ ಬಗೆ

ಕಲ್ಲಿನ ಅಂಗಡಿಗೆ ಹೋದ ದಿನ ನನ್ನ ಚೀಲದಲ್ಲಿ ಒಂದು ನಿಂಬೆಹೋಳು, ಒಂದು ಬಾಟಲಿ ನೀರು, ಉಗುರುಬಣ್ಣ ಅಳಿಸುವ ದ್ರವ, ಒಂದಿಷ್ಟು ಹತ್ತಿ ಮತ್ತು ಒಂದು ಕಬ್ಬಿಣದ ಮೊಳೆ ಇದ್ದವು. ಮಾದರಿ ತುಂಡುಗಳನ್ನು ಸಾಲಾಗಿ ಇಟ್ಟುಕೊಂಡು ಒಂದೊಂದರ ಮೇಲೂ ನಿಂಬೆರಸ ಹಿಂಡತೊಡಗಿದೆ. ಗಲ್ಲೆಯ ಮೇಲೆ ಕುಳಿತವರು, “ಏನು ಟೀಚರ್, ಇಲ್ಲೇ ಶರಬತ್ತು ಮಾಡುತ್ತೀರೇನು?” ಎಂದರು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವಳಿಗೆ ಇಂಥ ಮಾತು ಹೊಸದಲ್ಲ. ಐದು ನಿಮಿಷ ಕಳೆಯುವಷ್ಟರಲ್ಲಿ ಅಂಗಡಿಯ ಹುಡುಗರೆಲ್ಲ ಕೆಲಸ ಬಿಟ್ಟು ನನ್ನ ಸುತ್ತ ನಿಂತಿದ್ದರು.

ಪರೀಕ್ಷೆ ಸುಲಭ. ಸುಣ್ಣಕಲ್ಲಿನ ಜಾತಿಯ ಯಾವ ಕಲ್ಲಾದರೂ ಹುಳಿ ತಾಗಿದರೆ ನೊರೆಯುತ್ತದೆ. ಮೆರುಗು ಕೊಟ್ಟ ಮೈಯಲ್ಲಿ ಆ ನೊರೆ ಕಣ್ಣಿಗೆ ಬೀಳುವುದು ಕಷ್ಟ. ಆದ್ದರಿಂದ ತುಂಡಿನ ಹಿಂಬದಿಯನ್ನು ಮೊಳೆಯಿಂದ ಕೆರೆದು, ಉದುರಿದ ಪುಡಿಯ ಮೇಲೆ ರಸ ಬಿಡಿ. ಸಣ್ಣ ಗುಳ್ಳೆಗಳು ಏಳುವುದು ಚೆನ್ನಾಗಿ ಕಾಣುತ್ತದೆ. ಮುಂಬದಿಯಲ್ಲಿ ಐದು ನಿಮಿಷ ರಸ ಬಿಟ್ಟು ಒರೆಸಿ, ಬೆಳಕಿಗೆ ಓರೆಯಾಗಿ ಹಿಡಿಯಿರಿ. ಮಂಕಾದ ಉಂಗುರ ಕಂಡರೆ ಅದು ಗ್ರಾನೈಟ್ ಅಲ್ಲ, ಬಿಲ್ಲಿನಲ್ಲಿ ಏನೇ ಬರೆದಿದ್ದರೂ. ನೀರಿನ ಹನಿ ಹತ್ತು ನಿಮಿಷದಲ್ಲಿ ಕಲೆಯಂತೆ ಇಳಿದರೆ ಎಣ್ಣೆ, ಅರಿಶಿನವೂ ಹಾಗೆಯೇ ಇಳಿಯುತ್ತವೆ ಎಂದು ತಿಳಿಯಿರಿ. ಇನ್ನು ಉಗುರುಬಣ್ಣದ ದ್ರವ. ಆ ದಿನ ತೋರಿಸಿದ “ಅಪ್ಪಟ ಕಪ್ಪು ಗ್ರಾನೈಟ್” ತುಂಡೊಂದನ್ನು ಅದರಲ್ಲಿ ನೆನೆಸಿದ ಹತ್ತಿಯಿಂದ ಉಜ್ಜಿದೆ. ಹತ್ತಿ ಕಾಡಿಗೆ ಒರೆಸಿದಂತೆ ಕಪ್ಪಾಯಿತು. ಬೂದು ಕಲ್ಲಿಗೆ ಬಣ್ಣ ಹಾಕಿದ್ದರು. ನಾನು ಏನೂ ಹೇಳಲಿಲ್ಲ, ಹತ್ತಿಯನ್ನು ಗಲ್ಲೆಯ ಮೇಲಿಟ್ಟೆ. ಶರಬತ್ತಿನ ಮಾತು ಅಲ್ಲಿಗೆ ನಿಂತಿತು.

ಕಲಬುರಗಿಯ ಬ್ರಹ್ಮಪುರದ ನಮ್ಮ ಮನೆಯನ್ನು ಮಾವನವರು 1986ರಲ್ಲಿ ಕಟ್ಟಿಸಿದರು. ಅಡುಗೆಮನೆಯಲ್ಲಿ ಕಡಪ ಕಲ್ಲಿನ ಕಟ್ಟೆ, ಅಂಚು ಮುರಿದದ್ದು, ಒಲೆಯ ಬದಿಗೆ ಜಿಡ್ಡು ಕೂತದ್ದು. ಹೊಸದು ಮಾಡಿಸೋಣ ಎಂದಾಗ ಮಗ ಮೊಬೈಲಿನಲ್ಲಿ ‘ಪರಿಸರಸ್ನೇಹಿ’ ಎಂಬ ಹೆಸರಿನ ಹತ್ತಾರು ಚಿತ್ರ ಕಳುಹಿಸಿದ. ಎಲ್ಲವೂ ಬೆಳ್ಳಗೆ ಹೊಳೆಯುತ್ತಿದ್ದವು, ಯಾವುದರ ಮೇಲೂ ಒಂದು ರೊಟ್ಟಿಯ ಹಂಚು ಕಾಣಲಿಲ್ಲ. ಹಸಿರು ಎಲೆಯ ಗುರುತು ಹಾಕಿದ ಮಾತ್ರಕ್ಕೆ ನಾನು ನಂಬುವುದಿಲ್ಲ. ಕಲ್ಲು ಎಷ್ಟು ದೂರದಿಂದ ಲಾರಿ ಹತ್ತಿ ಬಂತು, ಅದರಲ್ಲಿ ಅಂಟು ಎಷ್ಟಿದೆ, ಇನ್ನೆಷ್ಟು ವರ್ಷ ಅದನ್ನು ಒಡೆಯದೆ ಬದುಕಬಹುದು ಎಂದು ಕೇಳುತ್ತೇನೆ. ಅದಕ್ಕೂ ಮೊದಲು, ಈಗಿರುವುದನ್ನು ಒಡೆಯಲೇಬೇಕೇ ಎಂದು ನೋಡಬೇಕು. ಬರೀ ಮಂಕಾಗಿದ್ದರೆ ಪಾಲಿಶ್ ಯಂತ್ರದವರನ್ನು ಕರೆಸಿ, ಒಂದು ದಿನದ ಕೆಲಸ. ನಮ್ಮ ಹಲಗೆ ನಡುವೆ ಬಿರುಕು ಬಿಟ್ಟಿತ್ತು, ಉಳಿಯುವಂತಿರಲಿಲ್ಲ. ಆದರೂ ಎಸೆಯಲಿಲ್ಲ. ಎರಡು ತುಂಡು ಮಾಡಿಸಿ ಹಿತ್ತಲಿನ ಬಟ್ಟೆ ಒಗೆಯುವ ಜಾಗಕ್ಕೆ ಹಾಕಿಸಿದೆ.

ಹೊಸದಕ್ಕೆ ನಾನು ಆರಿಸಿದ್ದು ಶಹಾಬಾದ್ ಕಲ್ಲು, ನಮ್ಮ ಕಡೆ ಫರ್ಸಿ ಎನ್ನುವ ಹಾಸುಗಲ್ಲು. ನಗುವವರು ನಕ್ಕರು. “ಫರ್ಸಿ ನೆಲಕ್ಕೆ ಹಾಕುತ್ತಾರೆ, ಅಂಗಳಕ್ಕೆ ಹಾಕುತ್ತಾರೆ, ಮಾಡ್ಯುಲರ್ ಕಿಚನ್‌ಗೆ ಯಾರಾದರೂ ಹಾಕುತ್ತಾರೆಯೇ?” ಎಂದು ನಾದಿನಿ ಕೇಳಿದಳು. ಶಹಾಬಾದ್ ನಮ್ಮೂರಿನಿಂದ ರೈಲಿನಲ್ಲಿ ಅರ್ಧ ಗಂಟೆಯ ದಾರಿ. ಭೀಮಾ ಕಣಿವೆಯ ಈ ಸುಣ್ಣಕಲ್ಲು ನೆಲದಲ್ಲಿ ಪದರ ಪದರವಾಗಿ ಕೂತಿದೆ. ಉಳಿ, ಹಾರೆ ಹಾಕಿ ಎಬ್ಬಿಸಿದರೆ ಹಲಗೆಯಂತೆ ಏಳುತ್ತದೆ. ದೊಡ್ಡ ಬಂಡೆಯನ್ನು ದಿನಗಟ್ಟಲೆ ಗರಗಸದಿಂದ ಸೀಳುವ ವಿದ್ಯುತ್ ಬಹುಮಟ್ಟಿಗೆ ಉಳಿಯುತ್ತದೆ. ಇದರದೇ ಸೋದರನಂಥ ಕೋಟಾ ಕಲ್ಲನ್ನು ರಾಜಸ್ಥಾನದಿಂದ ತರಿಸಿ ನಮ್ಮೂರಲ್ಲಿ ಹೆಮ್ಮೆಯಿಂದ ಹಾಕಿಸುವವರಿದ್ದಾರೆ. ಅವರಿಗೆ ಏನು ಹೇಳಲಿ.

ನಿಂಬೆರಸ ಬಿದ್ದಾಗ ಏಳುವ ಗುಳ್ಳೆಯಲ್ಲಿರುವುದು ಇಂಗಾಲದ ಡೈಆಕ್ಸೈಡ್. ಶುದ್ಧ ಸುಣ್ಣಕಲ್ಲಿನ ನೂರು ಕಿಲೋದಲ್ಲಿ 44 ಕಿಲೋದಷ್ಟು ಅದೇ ಅನಿಲ ಅಡಗಿದೆ. ವಾಡಿ, ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆಗಳ ಗೂಡಿನಲ್ಲಿ ಇದೇ ಕಲ್ಲನ್ನು ಸುಟ್ಟಾಗ ಆ ಅನಿಲ ಗಾಳಿಗೆ ಹೋಗುತ್ತದೆ. ಒಂದು ಟನ್ ಕ್ಲಿಂಕರ್, ಅಂದರೆ ಪುಡಿ ಮಾಡಿ ಸಿಮೆಂಟ್ ಮಾಡುವ ಸುಟ್ಟ ಉಂಡೆ, ಆಗುವಷ್ಟರಲ್ಲಿ ಕಲ್ಲಿನಿಂದಲೇ ಅರ್ಧ ಟನ್ ಹೊರಬೀಳುತ್ತದೆ, ಉರುವಲಿನ ಹೊಗೆ ಬೇರೆ. ಕೊಯ್ದು ಹಾಸಿದರೆ ಅದು ಕಲ್ಲಿನೊಳಗೇ ಕೂತಿರುತ್ತದೆ. ಹಾಗಾಗಿ ಸಿಮೆಂಟಿನ ದಪ್ಪ ಎರಕದ ಕಟ್ಟೆ ಈಗ ಚಾಲ್ತಿಯಲ್ಲಿದ್ದರೂ ನಮ್ಮ ಭಾಗದವರಿಗೆ ಅದರಲ್ಲಿ ಅರ್ಥವಿಲ್ಲ ಎಂಬುದು ನನ್ನ ಮತ. ಕಲ್ಲು ಮನೆ ಬಾಗಿಲಲ್ಲೇ ಇರುವಾಗ ಅದನ್ನು ಸುಟ್ಟು, ಪುಡಿ ಮಾಡಿ, ಮತ್ತೆ ಕಲ್ಲು ಮಾಡುವುದೇಕೆ? ಕಲ್ಲುಗಣಿ ಮಾತ್ರ ತೀರಾ ನಿರಪರಾಧಿಯಲ್ಲ. ಶಹಾಬಾದಿನ ಕಡೆ ಹೋದರೆ ನೀರು ತುಂಬಿದ ಹಳೆಯ ಗುಂಡಿಗಳು, ಬಿಳಿ ದೂಳು ಹೊತ್ತ ಗಿಡಗಳು ಕಾಣುತ್ತವೆ. ಅದಕ್ಕೇ ಕಟ್ಟೆಯ ಕೆಳಗಿನ ಅಡ್ಡ ಹಲಗೆಗಳಿಗೆ ಹೊಸ ಕಲ್ಲು ತರಲಿಲ್ಲ. ಹಳೆಯ ಮನೆ ಕೆಡವಿದ ಕಡೆ ಮಾರುವ ಫರ್ಸಿ ತಂದೆ. ಎರಡು ತಲೆಮಾರು ಓಡಾಡಿ ನುಣುಪಾದ ಕಲ್ಲು, ಕೈಯಾಡಿಸಿದರೆ ಗೊತ್ತಾಗುತ್ತದೆ.

ಇದಕ್ಕಿರುವ ದೊಡ್ಡ ದೋಷ ಹುಳಿ. ನಮ್ಮ ಮನೆಯಲ್ಲಿ ವಾರಕ್ಕೆರಡು ಸಲ ಪುಂಡಿ ಪಲ್ಯ, ದಿನಾ ಹುಣಸೆ, ಬೇಸಿಗೆಯಲ್ಲಿ ನಿಂಬೆ. ಪುಂಡಿ ಸೊಪ್ಪಿನ ನೀರು ಚೆಲ್ಲಿ ಗಂಟೆ ಬಿಟ್ಟರೆ ಕಲ್ಲು ಮಂಕಾಗುವುದು ಖಂಡಿತ. ಇದಕ್ಕೆ ಎರಡು ಉಪಾಯ ಮಾಡಿದೆ. ಕನ್ನಡಿಯಂಥ ಮೆರುಗು ಬೇಡ ಎಂದೆ. ನುಣುಪಾಗಿರಲಿ, ಹೊಳೆಯದಿರಲಿ. ಹೊಳೆಯದ ಮೈಯಲ್ಲಿ ಹುಳಿಯ ಗುರುತು ಎದ್ದು ಕಾಣುವುದಿಲ್ಲ. ಎರಡನೆಯದು, ತೊಟ್ಟಿಯ ಪಕ್ಕದ ಮೂರು ಅಡಿಗೆ ಮಾತ್ರ ಗ್ರಾನೈಟ್ ಹಾಕಿಸಿದೆ. ಸೊಪ್ಪು ತೊಳೆಯುವುದು, ಹುಣಸೆ ಕಿವುಚುವುದು ಅಲ್ಲೇ ತಾನೆ. ಅದಕ್ಕೆ ಹೊಸ ಹಲಗೆ ಕೊಳ್ಳಬೇಕಿಲ್ಲ. ಪ್ರತಿ ಅಂಗಡಿಯ ಹಿಂಬದಿಯಲ್ಲೂ ಬೇರೆಯವರ ಮನೆಗೆ ಕೊಯ್ದು ಉಳಿದ ತುಂಡುಗಳ ರಾಶಿ ಇರುತ್ತದೆ. ಇಳಕಲ್ಲಿನ ಕೆಂಪು ಗ್ರಾನೈಟಿನ ಮೂರೂಕಾಲು ಅಡಿ ತುಂಡು ನನಗೆ ಹಾಗೆಯೇ ಸಿಕ್ಕಿತು. ಬೂದು ಕಲ್ಲಿನ ಪಕ್ಕ ಕೆಂಪು ಚೆನ್ನಾಗಿಯೇ ಕಾಣುತ್ತದೆ. ಕಾಣದಿದ್ದರೂ ಹಾಕಿಸುತ್ತಿದ್ದೆ ಬಿಡಿ.

ಕ್ವಾರ್ಟ್ಜ್ ಎಂದು ಮಾರುವ ಕೃತಕ ಕಲ್ಲನ್ನು ನಾನು ಬೇಡವೆನ್ನುವುದಕ್ಕೆ ಕಾರಣವಿದೆ. ಅದು ಕಲ್ಲಿನ ಪುಡಿಯನ್ನು ಪ್ಲಾಸ್ಟಿಕ್ ಜಾತಿಯ ರೆಸಿನ್ ಅಂಟಿನಲ್ಲಿ ಒತ್ತಿ ಮಾಡಿದ್ದು. ಹುಳಿಗೆ ಜಗ್ಗುವುದಿಲ್ಲ, ಕಲೆ ಹಿಡಿಯುವುದಿಲ್ಲ, ನಿಜ. ಆದರೆ ಒಲೆಯಿಂದ ಇಳಿಸಿದ ಹಂಚನ್ನು ನೇರ ಇಟ್ಟರೆ ಅಂಟು ಸುಟ್ಟು ಗುರುತು ಬೀಳುತ್ತದೆ, ಆ ಗುರುತು ಹೋಗುವುದಿಲ್ಲ. ಇನ್ನೊಂದು ವಿಷಯ ಕೊಯ್ಯುವವರದು. ಅದರ ದೂಳಿನಲ್ಲಿ ಸಿಲಿಕಾ ತೊಂಬತ್ತು ಪ್ರತಿಶತದಷ್ಟೂ ಇರಬಹುದು. ಉಸಿರಿನೊಂದಿಗೆ ಒಳಹೋದರೆ ಶ್ವಾಸಕೋಶ ಗಟ್ಟಿಯಾಗುವ ಸಿಲಿಕೋಸಿಸ್ ಬರುತ್ತದೆ. ಈ ಕಾರಣಕ್ಕೇ ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಅದನ್ನು ನಿಷೇಧಿಸಿತು. ಗ್ರಾನೈಟಿನಲ್ಲೂ ಸಿಲಿಕಾ ಇದೆ, ಪ್ರಮಾಣ ಕಡಿಮೆ. ನಮ್ಮಲ್ಲಿ ಮನೆಯ ಮುಂದೆ ಹುಡುಗರು ಬಾಯಿಗೆ ಬರೀ ಟವೆಲ್ ಕಟ್ಟಿಕೊಂಡು ಒಣಕಲ್ಲನ್ನೇ ಕೊಯ್ಯುತ್ತಾರೆ. ಯಾವ ಕಲ್ಲೇ ಇರಲಿ, ನೀರು ಬಿಟ್ಟುಕೊಂಡು ಕೊಯ್ಯಬೇಕು ಎಂದು ದರ ಮಾತಾಡುವಾಗಲೇ ಹೇಳಿ. ಪೈಪ್ ಹಿಡಿಯಲು ನೀವೇ ಹೋಗಿ ನಿಲ್ಲಿ, ನಾನು ನಿಂತೆ.

ಉಳಿದವುಗಳ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಬಿದಿರು, ಮರದ ಹಲಗೆ ನೋಡಲು ಚೆಂದ, ನಮ್ಮ ಏಪ್ರಿಲ್‌-ಮೇ ಬಿಸಿಲಿನ ಒಣಗಾಳಿಗೆ ಸೀಳುತ್ತವೆ. ಬೀದರ್‌ನ ಗೆಳತಿ ಕೆಂಪು ಜಂಬಿಟ್ಟಿಗೆ ಹಾಕಿಸಲೇ ಎಂದು ಕೇಳಿದ್ದಳು. ಗೋಡೆಗೆ ಒಳ್ಳೆಯದು, ಕಟ್ಟೆಗೆ ಬೇಡ, ಮೈತುಂಬ ತೂತು. ಸ್ಟೀಲ್ ಕಟ್ಟೆ ಒಳ್ಳೆಯ ಆಯ್ಕೆ, ಹಳತಾದ ಮೇಲೂ ಕರಗಿಸಿ ಬಳಸಬಹುದು. 304 ದರ್ಜೆಯದು ಎಂದು ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಅಯಸ್ಕಾಂತ ಹಿಡಿಯದಿದ್ದರೆ 304 ಎನ್ನುವ ಮಾತನ್ನು ನಂಬಬೇಡಿ, ಅಗ್ಗದ 202 ಕೂಡ ಅಯಸ್ಕಾಂತಕ್ಕೆ ಅಷ್ಟಾಗಿ ಅಂಟುವುದಿಲ್ಲ. ನಾನು ಸ್ಟೀಲ್ ಬಿಟ್ಟದ್ದು ಸದ್ದಿಗಾಗಿ. ಬೆಳಿಗ್ಗೆ ಐದೂವರೆಗೆ ಅದರ ಮೇಲೆ ರೊಟ್ಟಿ ತಟ್ಟಿದರೆ ಓಣಿಯೆಲ್ಲ ಏಳುತ್ತದೆ.

ಕಟ್ಟೆಯ ಕೆಳಗೆ ಪ್ಲೈವುಡ್ ಪೆಟ್ಟಿಗೆ ಬೇಡ ಎಂದೆ. ಇಪ್ಪತ್ತು ಮಿಲಿಮೀಟರ್ ದಪ್ಪದ ಕಲ್ಲು ಚದರ ಅಡಿಗೆ ಹೆಚ್ಚುಕಡಿಮೆ ಐದು ಕಿಲೋ ತೂಗುತ್ತದೆ. ಅದನ್ನು ಹೊರಲು ಇಟ್ಟಿಗೆಯ ಗೋಡೆಗಾಲು, ನಡುವೆ ಫರ್ಸಿಯ ಅಡ್ಡ ಹಲಗೆ ಸಾಕು. ಗೆದ್ದಲು ಹತ್ತುವುದಿಲ್ಲ, ನೀರಿಗೆ ಉಬ್ಬುವುದಿಲ್ಲ. ಬಾಗಿಲುಗಳಿಗೆ ಮಾತ್ರ ಪ್ಲೈವುಡ್ ಬೇಕಾಯಿತು. ಐಎಸ್ 710 ಗುರುತಿನದು ನೀರಿಗೆ ತಡೆಯುತ್ತದೆ. ಅಂಟಿನಿಂದ ಹೊರಡುವ ಫಾರ್ಮಾಲ್ಡಿಹೈಡ್ ಎಂಬ ಹಾನಿಕರ ಅನಿಲ ಎಷ್ಟು ಎಂಬುದು ಬೇರೆ ಲೆಕ್ಕ, ಅದಕ್ಕೆ ಇ1 ಅಥವಾ ಇ0 ಎಂದು ಬರೆದಿದೆಯೇ ನೋಡಿ. ಅಂಗಡಿಯಲ್ಲಿ ಹಲಗೆಯ ಅಂಚಿಗೆ ಮೂಗು ಹಿಡಿದು ಮೂಸಿ, ಕಣ್ಣು ಉರಿದರೆ ವಾಪಸ್ ಬನ್ನಿ.

ಎತ್ತರದ ಲೆಕ್ಕವನ್ನು ಗೌಂಡಿಗೆ ಬಿಡಬೇಡಿ. ಎಲ್ಲರಿಗೂ ಒಂದೇ ಅಳತೆ ಹಾಕುವುದು ಅವರ ರೂಢಿ. ಸೌಟು ತಿರುಗಿಸುವ ಎತ್ತರ ರೊಟ್ಟಿ ತಟ್ಟುವ ಎತ್ತರಕ್ಕಿಂತ ಬೇರೆ. ತಟ್ಟುವಾಗ ಭುಜದ ಭಾರ ಕೈಗೆ ಇಳಿಯಬೇಕು. ನಾನು ಪರಾತವನ್ನು ಇಟ್ಟಿಗೆಗಳ ಮೇಲಿಟ್ಟು, ನಿಜವಾಗಿಯೂ ಎರಡು ರೊಟ್ಟಿ ತಟ್ಟಿ, ಒಂದೊಂದೇ ಇಟ್ಟಿಗೆ ತೆಗೆಯುತ್ತ ನನ್ನ ಅಳತೆ ಕಂಡುಕೊಂಡೆ. ಉಳಿದ ಕಟ್ಟೆಗಿಂತ ನಾಲ್ಕು ಇಂಚು ತಗ್ಗು ಬಂತು. ಎಂಬತ್ತು ದಾಟಿದ ಅತ್ತೆ ನೆಲದ ಮೇಲೆ ಕುಳಿತು ನೋಡುತ್ತ, “ಕುಳಿತರೆ ಅಳತೆಯೇ ಬೇಡ” ಎಂದರು. ಮೈಗೆ ಒಗ್ಗದ ಕಟ್ಟೆಯನ್ನು ಐದು ವರ್ಷದಲ್ಲಿ ಮತ್ತೆ ಒಡೆಸುತ್ತೀರಿ, ಆಗ ಯಾವ ಕಲ್ಲಾದರೇನು.

ಈಗ ನನ್ನ ತಪ್ಪಿನ ಕಥೆ. ಕಲ್ಲು ಕೂರಿಸಿದ ಮೂರನೆಯ ದಿನ ನಾನು ಹಿತ್ತಲಲ್ಲಿದ್ದೆ. ಒಳಗಿನಿಂದ ಘಾಟು ಬಂತು. ಪ್ರಯೋಗಾಲಯದಲ್ಲಿ ಎಷ್ಟೋ ಸಲ ಮೂಸಿದ ವಾಸನೆ, ತಕ್ಷಣ ಗೊತ್ತಾಯಿತು. ಓಡಿದೆ. ಗೌಂಡಿ ಕಾಕಾನ ಜೊತೆಯ ಹುಡುಗ ಸಿಮೆಂಟಿನ ಚುಕ್ಕೆ ತೆಗೆಯಲು ಕಟ್ಟೆಯ ಮೇಲೆ ಆಸಿಡ್ ಸುರಿದಿದ್ದ. ಬಿಳಿ ನೊರೆ ಹಾಲು ಉಕ್ಕಿದಂತೆ ಅಂಚಿನವರೆಗೆ ಹರಿಯುತ್ತಿತ್ತು, ಸುಯ್ ಎಂಬ ಸದ್ದು ಬೇರೆ. ಬಕೆಟ್‌ಗಟ್ಟಲೆ ನೀರು ಸುರಿದು ಕೈಯಾಡಿಸಿದರೆ ಎರಡು ಅಡಿಯಷ್ಟು ಜಾಗ ಸೀಮೆಸುಣ್ಣದ ಹಾಗೆ ಒರಟಾಗಿತ್ತು. ಕಾಕಾ ಹುಡುಗನನ್ನು ಬೈಯತೊಡಗಿದ. “ಬೈಯಬೇಡ ಕಾಕಾ, ಗ್ರಾನೈಟಿಗೆ ಮಾಡುವಂತೆ ಮಾಡಿದ್ದಾನೆ. ಹೇಳದೇ ಇದ್ದವಳು ನಾನು” ಎಂದೆ. ಅಂಗಡಿಯಲ್ಲಿ ನಿಂಬೆ ಹಿಂಡಿ ಪಾಠ ಮಾಡಿದವಳು ಮನೆಯಲ್ಲಿ ಬಾಯಿ ಬಿಟ್ಟಿರಲಿಲ್ಲ.

ಈ ಕಲ್ಲು ಮೆದು, ಅದೇ ಆಗ ಉಳಿಸಿತು. 220ರ ನೀರು ಕಾಗದದಿಂದ (ನೀರು ಹಾಕಿ ಉಜ್ಜುವ ಮರಳು ಕಾಗದ, ಅಂಕಿ ಹೆಚ್ಚಿದಷ್ಟೂ ನುಣುಪು) ಶುರು ಮಾಡಿ 400, ಆಮೇಲೆ 800, ಪ್ರತಿ ಸಲವೂ ನೀರು ಹಾಕಿ ಸುತ್ತು ಸುತ್ತಾಗಿ ಉಜ್ಜಿದೆ. ಎರಡು ಸಂಜೆ ಹಿಡಿಯಿತು. ಕಾಗದವನ್ನು ಸಣ್ಣ ಮರದ ತುಂಡಿಗೆ ಸುತ್ತಿಕೊಳ್ಳಿ, ಬೆರಳಿನಿಂದ ಒತ್ತಿದರೆ ತಗ್ಗು ಬೀಳುತ್ತದೆ. ಹುಳಿಯ ಸಣ್ಣ ಗುರುತಾದರೆ 800 ಒಂದೇ ಸಾಕು. ಕೊಳವೆಬಾವಿಯ ಗಡಸು ನೀರು ನಲ್ಲಿಯ ಸುತ್ತ ಬಿಳಿ ಪೊರೆ ಕಟ್ಟುತ್ತದಲ್ಲ, ಅದಕ್ಕೂ ವಿನೆಗರ್ ಬೇಡ. ಪೊರೆಯೂ ಸುಣ್ಣ, ಕಲ್ಲೂ ಸುಣ್ಣ, ಹುಳಿ ಎರಡನ್ನೂ ತಿನ್ನುತ್ತದೆ. ರಾತ್ರಿ ಪಾತ್ರೆ ತೊಳೆದ ಮೇಲೆ ಒಣಬಟ್ಟೆಯಿಂದ ಒರೆಸಿದರೆ ಪೊರೆಯೇ ಕಟ್ಟುವುದಿಲ್ಲ.

ಎಣ್ಣೆ ಕಲೆ ಹಿಡಿಯದಿರಲು ನಾನು ಹಾಕಿದ್ದು ಗಾಣದ ಅಗಸೆ ಎಣ್ಣೆ. ಅಗಸೆ ಹಿಂಡಿ ಉಣ್ಣುವ ನಮಗೆ ಇದೇನೂ ದೂರದ ವಸ್ತುವಲ್ಲ. ಬಣ್ಣದ ಅಂಗಡಿಯ ಬೇಯಿಸಿದ ಅಗಸೆ ಎಣ್ಣೆ ತರಬೇಡಿ, ಬೇಗ ಒಣಗಲೆಂದು ಅದರಲ್ಲಿ ಲೋಹದ ಲವಣ ಸೇರಿಸಿರುತ್ತಾರೆ. ಕಲ್ಲು ಪೂರ್ತಿ ಒಣಗಿದ ಮೇಲೆ ತೆಳ್ಳಗೆ ಸವರಿ, ಅರ್ಧ ಗಂಟೆ ಬಿಟ್ಟು, ಉಳಿದದ್ದನ್ನು ಚೆನ್ನಾಗಿ ಒರೆಸಿ ತೆಗೆಯಿರಿ. ಬಿಟ್ಟರೆ ಅಂಟಂಟಾಗುತ್ತದೆ. ಒಣಗಲು ಕೆಲವು ದಿನ ಬೇಕು, ಹಾಗೆ ಎರಡು ಮೂರು ಕೈ. ಕಲ್ಲು ಮಳೆಯಲ್ಲಿ ನೆನೆದ ಬಣ್ಣಕ್ಕೆ ತಿರುಗುತ್ತದೆ. ಇದು ಕಲೆಯನ್ನು ತಡೆಯುತ್ತದೆ, ಹುಳಿಯನ್ನಲ್ಲ.

ಒರೆಸಿದ ಬಟ್ಟೆಯನ್ನು ಮಾತ್ರ ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಗಾಳಿಯ ಆಮ್ಲಜನಕ ಹೀರಿ ಒಣಗುವಾಗ ಬಿಸಿಯಾಗುತ್ತದೆ. ಮುದ್ದೆಯ ಒಳಗೆ ಆ ಬಿಸಿ ಕೂಡಿಕೊಂಡರೆ ಕಡ್ಡಿ ಗೀರದೆಯೂ ಬೆಂಕಿ ಹತ್ತಬಹುದು, ಕಲಬುರಗಿಯ ಮೇ ತಿಂಗಳಲ್ಲಂತೂ ಕೇಳುವುದೇ ಬೇಡ. ನಾನು ಒಂದೊಂದನ್ನೂ ಬಿಡಿಸಿ ಹಿತ್ತಲಿನ ತಂತಿಯ ಮೇಲೆ ನೆರಳಲ್ಲಿ ಹರವುತ್ತೇನೆ, ಗಟ್ಟಿಯಾಗಿ ಒಣಗಿದ ಮೇಲೆ ಕಸಕ್ಕೆ ಹಾಕುತ್ತೇನೆ. ಹೋದ ಸಲ ಅತ್ತೆ ಅವನ್ನು ಒಗೆದ ಬಟ್ಟೆ ಎಂದುಕೊಂಡು ಮಡಚಿ ಕಪಾಟಿನಲ್ಲಿ ಇಡಲು ಹೊರಟಿದ್ದರು.